ಕಾಣಿಕೆಯೋ, ಕಪ್ಪವೋ?

ಕನ್ನಡದಲ್ಲಿ 'ಕಾಣಿಕೆ' ಎಂಬ ಸೊಗಸಾದ ಪದವೊಂದಿದೆ. 'ಕಾಣು' ಎಂಬ ಧಾತುವಿನಿಂದ ಹುಟ್ಟಿದ ಮಾತು ಅದು. ದೇವರನ್ನು, ಹಿರಿಯರನ್ನು, ಬೇಕಾದವರನ್ನು ಕಾಣಲು ಹೋಗುವಾಗ ಬರಿಗೈಯಲ್ಲಿ ಹೋಗಬಾರದೆಂದು ಮನಸ್ಸಿಗೆ ತೋಚಿ, ಕೈಯಲ್ಲಿ ಹಿಡಿದುಕೊಂಡು ಹೋಗುವ ವಸ್ತುವೇ ಕಾಣಿಕೆ. ಅದರ ನೆರೆಯಲ್ಲಿಯೇ ಇನ್ನೊಂದು ಪದವಿದೆ, 'ಕಪ್ಪ'. ಗೆದ್ದ ಅರಸನಿಗೆ ಸೋತ ಪಾಳೆಯಗಾರನು ಒಪ್ಪಿಸಬೇಕಾಗಿದ್ದ ಹಣ ಅದು. ಮೊದಲನೆಯದರ ಬೇರು ಪ್ರೀತಿ, ಎರಡನೆಯದರ ಬೇರು ಭಯ. ಆದರೂ ನಮ್ಮ ಪೂರ್ವಜರು ಇವೆರಡನ್ನೂ ಜೋಡಿಸಿ 'ಕಪ್ಪಕಾಣಿಕೆ' ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಅದರಲ್ಲಿ ಲೋಕಾನುಭವವಿದೆ. ಅಧಿಕಾರದ ಎದುರು ನಿಂತವನ ಕೈಯಲ್ಲಿರುವುದು ಕಾಣಿಕೆಯೋ ಕಪ್ಪವೋ ಎಂಬುದನ್ನು ಕೆಲವೊಮ್ಮೆ ಕೊಟ್ಟವನೇ ಹೇಳಲಾರ.

ಈ ಪ್ರಶ್ನೆ ಹಳೆಯ ಅರಸೊತ್ತಿಗೆಯ ಕಾಲಕ್ಕೆ ಮುಗಿದುಹೋದದ್ದಲ್ಲ. ನಮ್ಮ ನಡುವೆ ಪೊಲೀಸರ ಹೆಸರಿನಲ್ಲಿ, ಪೊಲೀಸರ ಒಳಿತಿಗಾಗಿ, ಜನರಿಂದ ಹಣ ಕೇಳುವ ಸಂದರ್ಭಗಳಿವೆ. ಅವುಗಳಲ್ಲಿ ಕೆಲವು ಸರ್ಕಾರವೇ ಒಪ್ಪಿ ನಡೆಸುವಂಥವು, ಕೆಲವು ಖಾಸಗಿ ಸಂಘಗಳು ನಡೆಸುವಂಥವು, ಇನ್ನು ಕೆಲವು ಶುದ್ಧ ಮೋಸ. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಅನ್ಯಾಯ. ಆದರೆ ಮೂರಕ್ಕೂ ಸಮಾನವಾದ ನೈತಿಕ ಪ್ರಶ್ನೆಯೊಂದಿದೆ: ಬಂಧಿಸುವ ಅಧಿಕಾರವುಳ್ಳವರ ಹೆಸರಿನಲ್ಲಿ ದಾನ ಕೇಳಿದಾಗ, ಆ ದಾನವು ದಾನವಾಗಿಯೇ ಉಳಿಯಲು ಏನೇನು ಇರಬೇಕು?

ಧ್ವಜದ ದಿನ

ನಮ್ಮ ರಾಜ್ಯದಲ್ಲಿ ಪ್ರತಿವರ್ಷ ಏಪ್ರಿಲ್ 2ರಂದು ಪೊಲೀಸ್ ಧ್ವಜ ದಿನಾಚರಣೆ ನಡೆಯುತ್ತದೆ. 1963ರ ಕರ್ನಾಟಕ ಪೊಲೀಸ್ ಕಾಯಿದೆಯು ಜಾರಿಗೆ ಬಂದದ್ದು 1965ರ ಏಪ್ರಿಲ್ 2ರಂದು. ಆ ನೆನಪಿಗಾಗಿ ಈ ದಿನ. ಕವಾಯತು ನಡೆಯುತ್ತದೆ, ಉತ್ತಮ ಸೇವೆ ಸಲ್ಲಿಸಿದವರಿಗೆ ಪದಕಗಳು ದೊರೆಯುತ್ತವೆ. ಧ್ವಜಗಳನ್ನು ಮಾರಿ ಬಂದ ಹಣವು ಸೇವೆಯಲ್ಲಿರುವ ಹಾಗೂ ನಿವೃತ್ತರಾದ ಪೊಲೀಸರ ಮತ್ತು ಅವರ ಕುಟುಂಬಗಳ ಕಲ್ಯಾಣಕ್ಕೆ ಸಲ್ಲುತ್ತದೆ. ಅಕ್ಟೋಬರ್ 21ರಂದು ದೇಶದಾದ್ಯಂತ ಪೊಲೀಸ್ ಹುತಾತ್ಮರ ದಿನವನ್ನು ಆಚರಿಸುತ್ತೇವೆ. 1959ರಲ್ಲಿ ಅದೇ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ ಚೀನೀ ಸೈನಿಕರ ಗುಂಡಿಗೆ ಹತ್ತು ಮಂದಿ ಪೊಲೀಸರು ಬಲಿಯಾದರು. ಸತ್ತವರ ಮನೆಯಲ್ಲಿ ಉಳಿದವರನ್ನು ಸಮಾಜವು ಮರೆಯಬಾರದು ಎಂಬ ಭಾವನೆ ಇಂಥ ನಿಧಿಗಳ ಹಿಂದಿದೆ. ಅದು ಗೌರವಾರ್ಹವಾದ ಭಾವನೆ. ಮಳೆಯಲ್ಲಿ ನೆನೆಯುತ್ತಾ ನಾಲ್ಕು ದಾರಿ ಕೂಡುವಲ್ಲಿ ನಿಂತ ಪೇದೆಯನ್ನು, ಹಬ್ಬದ ದಿನವೂ ಮಕ್ಕಳ ಮುಖ ನೋಡಲಾಗದ ಮಹಿಳಾ ಸಿಬ್ಬಂದಿಯನ್ನು ಬಲ್ಲವರು ಯಾರೂ ಇಂಥ ನಿಧಿಗೆ ಹಣ ಕೊಡುವುದನ್ನು ಅಲ್ಲಗಳೆಯಲಾರರು.

ಹಾಗಾದರೆ ತೊಡಕು ಎಲ್ಲಿದೆ? ವೈಟ್‌ಫೀಲ್ಡಿನಂಥ ಊರನ್ನೇ ನೋಡೋಣ. ಈ ಊರು ಹುಟ್ಟಿದ್ದೇ ಒಂದು ದಾನದಿಂದ. ಮೈಸೂರಿನ ಅರಸರಾದ ಹತ್ತನೆಯ ಚಾಮರಾಜೇಂದ್ರ ಒಡೆಯರು 1882ರಲ್ಲಿ ಆಂಗ್ಲೋ ಇಂಡಿಯನ್ ಸಂಘವೊಂದಕ್ಕೆ ಸುಮಾರು 3,900 ಎಕರೆ ನೆಲವನ್ನು ನೀಡಿದರು. ಆ ಸಂಘದ ಮುಖ್ಯಸ್ಥ ಡಿ. ಎಸ್. ವೈಟ್ ಅವರ ಹೆಸರೇ ಊರಿಗೆ ನಿಂತಿತು. ಇಂದು ಅದೇ ನೆಲದ ಸುತ್ತಮುತ್ತ ಗಾಜಿನ ಗೋಪುರಗಳಿವೆ, ಕಾರ್ಖಾನೆಗಳಿವೆ. 2023ರ ಮಾರ್ಚಿನಿಂದ ಮೆಟ್ರೋ ಬಂದು ನಿಲ್ಲುತ್ತದೆ. ಈ ಗೋಪುರಗಳ ನೆರಳಿನಲ್ಲಿಯೇ ಚಹಾದಂಗಡಿ, ಗುಜರಿ ಅಂಗಡಿ, ನೀರಿನ ಟ್ಯಾಂಕರಿನವರು, ಪೇಯಿಂಗ್ ಗೆಸ್ಟ್ ನಡೆಸುವವರು, ದೂರದ ರಾಜ್ಯಗಳಿಂದ ಬಂದ ಕೂಲಿಕಾರರು ಬದುಕುತ್ತಿದ್ದಾರೆ. ರಸ್ತೆಬದಿಯ ಅಂಗಡಿಯವನೊಬ್ಬನ ಬಳಿಗೆ ಯಾರೋ ಬಂದು ರಸೀದಿ ಪುಸ್ತಕವೊಂದನ್ನು ತೆರೆದು, "ಪೊಲೀಸ್ ಕಲ್ಯಾಣಕ್ಕೆ" ಎಂದರೆಂದು ಭಾವಿಸೋಣ. ಬಂದವನು ಗದರಿಸಲಿಲ್ಲ, ಬೆದರಿಸಲಿಲ್ಲ. ನಗುನಗುತ್ತಲೇ ಕೇಳಿದ. ಅಂಗಡಿಯವನ ಮನಸ್ಸಿನಲ್ಲಿ ಆಗ ಏನು ನಡೆಯುತ್ತದೆ? ಹುತಾತ್ಮರ ನೆನಪಿಗಿಂತ ಮೊದಲು, ಪಾದಚಾರಿ ಮಾರ್ಗಕ್ಕೆ ಒಂದಡಿ ಚಾಚಿಕೊಂಡ ತನ್ನ ಮೇಜು ನೆನಪಾಗುತ್ತದೆ. ರಾತ್ರಿ ಹತ್ತಾದ ಮೇಲೂ ತೆರೆದಿರುವ ಬಾಗಿಲು ನೆನಪಾಗುತ್ತದೆ. ಇನ್ನೂ ನವೀಕರಿಸದ ಪರವಾನಗಿ ನೆನಪಾಗುತ್ತದೆ. ಅವನು ಐನೂರು ರೂಪಾಯಿ ಕೊಡುತ್ತಾನೆ. ರಸೀದಿಯಲ್ಲಿ ಅದು 'ದಾನ' ಎಂದು ದಾಖಲಾಗುತ್ತದೆ.

ಬಿರುಗಾಳಿಯಲ್ಲಿ ಎಸೆದ ಸರಕು

ಇಂಥ ಕೃತ್ಯದ ಸ್ವರೂಪವನ್ನು ಪ್ರಾಚೀನರು ಆಳವಾಗಿ ಚಿಂತಿಸಿದ್ದಾರೆ. ಗ್ರೀಕ್ ದಾರ್ಶನಿಕ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ಒಂದು ದೃಷ್ಟಾಂತ ಕೊಡುತ್ತಾನೆ. ನಡುಗಡಲಿನಲ್ಲಿ ಬಿರುಗಾಳಿ ಎದ್ದಾಗ ಹಡಗಿನವರು ಸರಕನ್ನು ನೀರಿಗೆ ಎಸೆಯುತ್ತಾರೆ. ಎಸೆಯುವವರು ಅವರೇ, ಕೈ ಅವರದೇ, ನಿರ್ಧಾರವೂ ಅವರದೇ. ಆದರೆ ಬಿರುಗಾಳಿ ಇಲ್ಲದಿದ್ದರೆ ಯಾವ ವಿವೇಕಿಯೂ ತನ್ನ ಸರಕನ್ನು ಕಡಲಿಗೆ ಎಸೆಯಲಾರ. ಇಂಥವನ್ನು ಅವನು ಮಿಶ್ರ ಕೃತ್ಯಗಳೆಂದು ಕರೆದನು. ಹದಿಮೂರನೆಯ ಶತಮಾನದ ಸಂತ ತೋಮಾಸ್ ಅಕ್ವಿನಾಸರು ಈ ವಿಚಾರವನ್ನು ಇನ್ನಷ್ಟು ಸ್ಪಷ್ಟಪಡಿಸಿದರು. ಭಯದಿಂದ ಮಾಡಿದ್ದು ಒಂದರ್ಥದಲ್ಲಿ ಸ್ವ-ಇಚ್ಛೆಯದೇ ಹೌದು, ಏಕೆಂದರೆ ಆ ಗಳಿಗೆಯಲ್ಲಿ ಆ ಮನುಷ್ಯನು ಅದನ್ನೇ ಆರಿಸಿಕೊಂಡಿದ್ದಾನೆ. ಆದರೆ ಭಯವನ್ನು ತೆಗೆದು ನೋಡಿದರೆ ಆ ಕೃತ್ಯವು ಅವನ ಇಚ್ಛೆಗೆ ವಿರುದ್ಧವಾದದ್ದು.

ಅಂಗಡಿಯವನ ಐನೂರು ರೂಪಾಯಿ ಇಂಥದ್ದೇ ಸರಕು. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಬಿರುಗಾಳಿಯನ್ನು ಯಾರೂ ಬೇಕೆಂದು ಎಬ್ಬಿಸಿರಬೇಕಾಗಿಲ್ಲ. ಹಣ ಕೇಳಿದವನು ಸಜ್ಜನನೇ ಆಗಿರಬಹುದು, ನಿಧಿಯು ಪ್ರಾಮಾಣಿಕವೇ ಆಗಿರಬಹುದು. ಆದರೂ ಖಾಕಿಯೊಂದಿಗೆ ಭಯವು ಅಂಟಿಕೊಂಡೇ ಬರುತ್ತದೆ, ಏಕೆಂದರೆ ಭಯ ಹುಟ್ಟಿಸುವುದು ಆ ಸಮವಸ್ತ್ರದ ಕರ್ತವ್ಯದಲ್ಲಿಯೇ ಸೇರಿದೆ. ಕಳ್ಳನು ಹೆದರಬೇಕೆಂದೇ ನಾವು ಪೊಲೀಸರಿಗೆ ಆ ಬಟ್ಟೆಯನ್ನು, ಲಾಠಿಯನ್ನು, ಬಂಧಿಸುವ ಅಧಿಕಾರವನ್ನು ಕೊಟ್ಟಿದ್ದೇವೆ. ಆ ಭಯವು ಸಮಾಜವು ಒಂದು ನಿರ್ದಿಷ್ಟ ಕೆಲಸಕ್ಕಾಗಿ ಅವರ ಕೈಗಿತ್ತ ಸಾಲ. ಅದೇ ಭಯವು ಹಣ ಸಂಗ್ರಹಕ್ಕೂ ಒದಗಿ ಬಂದರೆ, ಒಂದು ಕೆಲಸಕ್ಕೆ ಕೊಟ್ಟದ್ದು ಇನ್ನೊಂದಕ್ಕೆ ಬಳಕೆಯಾದಂತೆ. ಯಾರೂ ಕೆಟ್ಟವರಲ್ಲದಿದ್ದರೂ ಇದು ನಡೆಯಬಹುದು ಎಂಬುದೇ ಈ ಪ್ರಶ್ನೆಯನ್ನು ಕಠಿಣವಾಗಿಸಿದೆ.

ಶುಭಸಂದೇಶಕಾರ ಲೂಕರು ಜೋರ್ಡನ್ ನದಿಯ ದಡದ ಒಂದು ಪ್ರಸಂಗವನ್ನು ದಾಖಲಿಸಿದ್ದಾರೆ. ಸ್ನಾನಿಕ ಯೊವಾನ್ನರ ಬೋಧನೆಯನ್ನು ಕೇಳಲು ಬಂದವರಲ್ಲಿ ಸೈನಿಕರೂ ಇದ್ದರು. ತಾವು ಏನು ಮಾಡಬೇಕೆಂದು ಅವರು ಕೇಳಿದರು. ಆಯುಧವನ್ನು ಬಿಸಾಡಿ ಮನೆಗೆ ಹೋಗಿರೆಂದು ಯೊವಾನ್ನರು ಹೇಳಲಿಲ್ಲ. ಬೆದರಿಸಿಯಾಗಲಿ, ಸುಳ್ಳು ಆಪಾದನೆ ಹೊರಿಸಿಯಾಗಲಿ ಯಾರಿಂದಲೂ ಹಣ ಕೀಳಬೇಡಿರಿ, ನಿಮ್ಮ ವೇತನದಲ್ಲಿ ತೃಪ್ತರಾಗಿರಿ ಎಂಬುದು ಅವರ ಉಪದೇಶದ ಸಾರವಾಗಿತ್ತು. ಆಯುಧವುಳ್ಳವರ ಮೊದಲ ನೈತಿಕ ಅಪಾಯ ಹಣದ ಸುತ್ತಲೇ ಇದೆ ಎಂಬುದನ್ನು ಆ ಮರುಭೂಮಿಯ ಪ್ರವಾದಿ ಅರಿತಿದ್ದರು. ಅದರೊಡನೆ ವೇತನದ ಮಾತನ್ನೂ ಸೇರಿಸಿದರು. ಆ ಮಾತಿಗೆ ಮುಂದೆ ಬರೋಣ.

ಹೆಸರನ್ನು ಎರವಲು ಪಡೆದವರು

ನಿಜವಾದ ಪೊಲೀಸ್ ನಿಧಿಗೇ ಇಷ್ಟು ಎಚ್ಚರ ಬೇಕಾದರೆ, ಪೊಲೀಸರಲ್ಲದವರು ಆ ಹೆಸರನ್ನು ಎರವಲು ಪಡೆದಾಗ ಏನಾಗಬಹುದು? ಆ ಹೆಸರಿಗಿರುವ ಬಲವನ್ನು ಇತ್ತೀಚಿನ 'ಡಿಜಿಟಲ್ ಅರೆಸ್ಟ್' ವಂಚನೆಗಳು ತೋರಿಸಿಕೊಟ್ಟಿವೆ. ದೂರವಾಣಿಯ ತೆರೆಯಲ್ಲಿ ಸಮವಸ್ತ್ರ ಧರಿಸಿದ ಮುಖವೊಂದು ಕಾಣಿಸಿಕೊಂಡು ಗದರಿದರೆ ಸಾಕು, ಓದಿದವರೂ ಬ್ಯಾಂಕಿನ ಖಾತೆ ಬರಿದು ಮಾಡಿಕೊಳ್ಳುತ್ತಾರೆ. ಕೇಂದ್ರ ಸರ್ಕಾರದ ಅಂಕಿಅಂಶದಂತೆ 2024ರ ಮೊದಲ ನಾಲ್ಕು ತಿಂಗಳಲ್ಲಿ ದೇಶದಲ್ಲಿ ಹೀಗೆ ಕಳೆದುಹೋದದ್ದು ಸುಮಾರು 120 ಕೋಟಿ ರೂಪಾಯಿ. ಅದು ಭಯದ ಮುಖ. ಪೊಲೀಸರ ಹೆಸರಿಗೆ ಗೌರವದ ಮುಖವೂ ಇದೆ. ವಂಚಕರು ಅದನ್ನೂ ಬಲ್ಲರು.

ಅಮೆರಿಕದಲ್ಲಿ ಈ ಗೌರವವನ್ನು ಬಂಡವಾಳ ಮಾಡಿಕೊಂಡ ಒಂದು ಉದ್ಯಮವೇ ಬೆಳೆಯಿತು. ಪೊಲೀಸರ ಮತ್ತು ಅಗ್ನಿಶಾಮಕ ದಳದವರ ಹೆಸರಿನಲ್ಲಿ ದೂರವಾಣಿ ಕರೆ ಮಾಡಿ ಹಣ ಕೇಳುವ ಖಾಸಗಿ ಕಂಪನಿಗಳವು. 1997ರಲ್ಲಿಯೇ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಇವುಗಳ ವಿರುದ್ಧ ವಿಶೇಷ ಕಾರ್ಯಾಚರಣೆ ನಡೆಸಬೇಕಾಯಿತು. ಸಿವಿಕ್ ಡೆವಲಪ್‌ಮೆಂಟ್ ಗ್ರೂಪ್ ಎಂಬ ಕಂಪನಿಯ ಪ್ರಕರಣ ಇತ್ಯರ್ಥವಾದದ್ದು 2010ರಲ್ಲಿ. ನೀವು ಕೊಟ್ಟ ಹಣವೆಲ್ಲವೂ ಸೇವಾಸಂಸ್ಥೆಗೇ ಹೋಗುತ್ತದೆ ಎಂದು ಅದರ ಕರೆಗಾರರು ಜನರನ್ನು ನಂಬಿಸಿದ್ದರು. ವಾಸ್ತವದಲ್ಲಿ ಸಂಸ್ಥೆಗಳಿಗೆ ಮುಟ್ಟುತ್ತಿದ್ದದ್ದು ನೂರಕ್ಕೆ ಹತ್ತರಿಂದ ಹದಿನೈದು ಮಾತ್ರ. ಕಂಪನಿಯ ಮೇಲೆ ಬಿದ್ದ ದಂಡ 1 ಕೋಟಿ 88 ಲಕ್ಷ ಡಾಲರು. ಆ ದಂಡವನ್ನು ಕೇಳಿ ನಾವು ತೃಪ್ತರಾಗಬಹುದು. ಆದರೆ ನೂರಕ್ಕೆ ಎಂಬತ್ತೈದು ಯಾರ ಪಾಲಿನದು? ಕೊಟ್ಟವರ ಮನಸ್ಸಿನಲ್ಲಿದ್ದದ್ದು ಸತ್ತ ಪೇದೆಯ ಪತ್ನಿ, ಅವನ ಮಕ್ಕಳ ಶಾಲೆಯ ಶುಲ್ಕ. ಹಣ ಸೇರಿದ್ದು ಕರೆ ಮಾಡುವ ಕಂಪನಿಯ ತಿಜೋರಿಗೆ. ವಂಚನೆಗೆ ಒಳಗಾದವರು ಇಬ್ಬರು: ಕೊಟ್ಟವನು ಒಬ್ಬ, ಯಾರ ಹೆಸರಿನಲ್ಲಿ ಕೇಳಿದರೋ ಆ ವಿಧವೆ ಇನ್ನೊಬ್ಬಳು. ಮುಂದಿನ ಸಲ ನಿಜವಾದ ನಿಧಿಯವರು ಬಂದು ಬಾಗಿಲು ತಟ್ಟಿದಾಗ ಜನರು ಬಾಗಿಲು ತೆರೆಯದಿದ್ದರೆ ಆ ನಷ್ಟವೂ ಅವಳದೇ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಸರ್ಕಾರದ ಆಶ್ರಯವಿದೆಯೆಂಬ ಭ್ರಮೆ ಹುಟ್ಟಿಸುವ ಹೆಸರುಗಳನ್ನು ವ್ಯಾಪಾರ ವ್ಯವಹಾರಗಳಲ್ಲಿ ಬಳಸುವುದನ್ನು 1950ರ ಲಾಂಛನ ಮತ್ತು ಹೆಸರುಗಳ ಕಾಯಿದೆ ತಡೆಯುತ್ತದೆ. ಸರ್ಕಾರಿ ನೌಕರನಂತೆ ನಟಿಸುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 204ನೆಯ ಕಲಮಿನಡಿ ಅಪರಾಧ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಂತೂ, ಪೂರ್ವಾನುಮತಿ ಇಲ್ಲದೆ ಯಾವ ನೌಕರನೂ ವಂತಿಗೆ ಕೇಳಕೂಡದು, ನಿಧಿ ಸಂಗ್ರಹದಲ್ಲಿ ಪಾಲುಗೊಳ್ಳಕೂಡದು ಎನ್ನುತ್ತವೆ. ಆದರೆ ಮಧ್ಯದಲ್ಲಿ ಒಂದು ಬಿರುಕಿದೆ. ಮಹಾರಾಷ್ಟ್ರ, ಗುಜರಾತುಗಳಲ್ಲಿ ಸಾರ್ವಜನಿಕ ದತ್ತಿಗಳ ಮೇಲೆಲ್ಲ ಕಣ್ಣಿಡಲು ಚಾರಿಟಿ ಕಮಿಷನರ್ ಎಂಬ ಅಧಿಕಾರಿ ಇದ್ದಾರೆ. ಬೆಂಗಳೂರಿನಲ್ಲಿ ಎಲ್ಲ ದತ್ತಿಗಳನ್ನೂ ನೋಡಿಕೊಳ್ಳುವ ಅಂಥ ಒಬ್ಬ ಅಧಿಕಾರಿಯಿಲ್ಲ. ಸಂಘವಾದರೆ 1960ರ ಸಂಘಗಳ ನೋಂದಣಿ ಕಾಯಿದೆ, ತೆರಿಗೆ ವಿನಾಯಿತಿ ಬೇಕಾದರೆ ಆದಾಯ ತೆರಿಗೆ ಇಲಾಖೆ, ವಿಶ್ವಸ್ತ ನಿಧಿಯಲ್ಲಿ ದ್ರೋಹವಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮಿನಡಿ ನ್ಯಾಯಾಲಯ. ಒಂದೊಂದು ಬಾಗಿಲಿಗೆ ಒಂದೊಂದು ಕಾವಲು, ಇಡೀ ಮನೆಗೆ ಕಾವಲಿಲ್ಲ.

ಇನ್ನೊಂದು ವಿಪರ್ಯಾಸವನ್ನು ಗಮನಿಸಿರಿ. ಪೊಲೀಸ್ ಇಲಾಖೆಯು ಸಾರ್ವಜನಿಕ ಪ್ರಾಧಿಕಾರವಾದುದರಿಂದ 2005ರ ಮಾಹಿತಿ ಹಕ್ಕು ಕಾಯಿದೆಗೆ ಒಳಪಟ್ಟಿದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಯಾವ ನಾಗರಿಕನೂ ಧ್ವಜ ದಿನದ ಲೆಕ್ಕ ಕೇಳಬಹುದು, ಸಾಮಾನ್ಯವಾಗಿ ಮೂವತ್ತು ದಿನಗಳೊಳಗೆ ಉತ್ತರ ಬರಬೇಕು. ಆದರೆ 'ಪೊಲೀಸ್' ಎಂಬ ಪದವನ್ನು ಹೆಸರಿನಲ್ಲಿ ಸೇರಿಸಿಕೊಂಡ ಖಾಸಗಿ ಸಂಘಕ್ಕೆ ಸರ್ಕಾರದ ಗಣನೀಯ ನೆರವು ಇಲ್ಲದಿದ್ದರೆ ಆ ಕಾಯಿದೆ ತಾಗುವುದಿಲ್ಲ. ಹೀಗಾಗಿ ನಿಜವಾದ ಪೊಲೀಸರು ಲೆಕ್ಕ ಕೊಡಬೇಕು; ಅವರ ಹೆಸರನ್ನಷ್ಟೇ ಹೊದ್ದವರು ಸುಲಭವಾಗಿ ನುಣುಚಿಕೊಳ್ಳಬಹುದು. ಅಧಿಕಾರದ ಹೆಸರು ದೊರೆಯಿತು, ಅಧಿಕಾರಕ್ಕಿರುವ ಕಟ್ಟುಪಾಡು ಮಾತ್ರ ದೊರೆಯಲಿಲ್ಲ.

ಧರ್ಮಸಭೆಯ ಇತಿಹಾಸದ ಒಂದು ಪುಟ

ಈ ಮಾತನ್ನು ಪೊಲೀಸರ ಬಗ್ಗೆ ಮಾತ್ರ ಆಡಿದರೆ ಅದು ಅಪ್ರಾಮಾಣಿಕತೆಯಾದೀತು. ಹೆಸರನ್ನು ಎರವಲು ಕೊಟ್ಟು ಹಣ ಸಂಗ್ರಹಿಸುವ ಕೇಡನ್ನು ಧರ್ಮಸಭೆಯು ತನ್ನ ಮೈಮೇಲೆಯೇ ಅನುಭವಿಸಿದೆ. ಮಧ್ಯಯುಗದಲ್ಲಿ ಆಸ್ಪತ್ರೆ, ಸೇತುವೆ, ದೇವಾಲಯಗಳಿಗಾಗಿ ಊರೂರು ಅಲೆದು ದಾನ ಎತ್ತುವ ವೃತ್ತಿಯವರಿದ್ದರು. ಅವರ ಕೈಯಲ್ಲಿ ಜಗದ್ಗುರುಗಳದೋ ಧರ್ಮಾಧ್ಯಕ್ಷರದೋ ಪತ್ರ, ನಾಲಗೆಯಲ್ಲಿ ಪಾಪದಂಡ ವಿಮೋಚನೆಯ ವಾಗ್ದಾನ. 1517ರ ಜರ್ಮನಿಯ ಪ್ರಸಂಗವನ್ನು ಎಲ್ಲರೂ ಬಲ್ಲರು. ಸಂತ ಪೇತ್ರರ ಮಹಾದೇವಾಲಯದ ನಿರ್ಮಾಣಕ್ಕೆಂದು ಜನರಿಂದ ಎತ್ತಿದ ಹಣದ ಅರ್ಧ ಭಾಗವು, ಮೈನ್ಸ್ ನಗರದ ಮಹಾಧರ್ಮಾಧ್ಯಕ್ಷನು ತನ್ನ ಪದವಿಗಾಗಿ ಫುಗ್ಗರ್ ಮನೆತನದಿಂದ ಪಡೆದಿದ್ದ ಸಾಲವನ್ನು ತೀರಿಸಲು ಹೋಗುತ್ತಿತ್ತು. ಕಾಸು ಹಾಕಿದ ಬಡ ರೈತನಿಗೆ ಅದು ತಿಳಿದಿರಲಿಲ್ಲ. ಆ ಗಾಯದಿಂದ ಒಡೆದ ಕ್ರೈಸ್ತಲೋಕ ಇಂದಿಗೂ ಒಂದಾಗಿಲ್ಲ.

ಇದಕ್ಕೆ ಧರ್ಮಸಭೆಯು ಕಂಡುಕೊಂಡ ಮದ್ದೇನು? ಸಂಗ್ರಹಕಾರರಿಗೆ ಸದ್ಬುದ್ಧಿ ಹೇಳಿ ಕಳುಹಿಸುವುದನ್ನು ಹಲವು ಸಭೆಗಳು ಮಾಡಿ ಸೋತಿದ್ದವು. ಕೊನೆಗೆ 1562ರಲ್ಲಿ ಟ್ರೆಂಟ್ ಮಹಾಸಭೆಯು ಆ ವೃತ್ತಿಯನ್ನೇ, ಆ ಹೆಸರನ್ನೇ ರದ್ದುಮಾಡಿತು. ದಾನ ಸಂಗ್ರಹಕ್ಕೆ ಪ್ರತಿಫಲ ಪಡೆಯಕೂಡದೆಂದು ಗೊತ್ತುಪಡಿಸಿತು. ಇಂದಿನ 1983ರ ಕಾನೂನು ಸಂಹಿತೆಯಲ್ಲಿ ಆ ಪಾಠವು ನಿಯಮಗಳಾಗಿ ನಿಂತಿದೆ. ಧರ್ಮಾಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಧರ್ಮಕಾರ್ಯದ ಹೆಸರಿನಲ್ಲಿ ಖಾಸಗಿ ವ್ಯಕ್ತಿ ಹಣ ಎತ್ತುವಂತಿಲ್ಲ ಎನ್ನುತ್ತದೆ 1265ನೆಯ ನಿಯಮ. ಒಂದು ಉದ್ದೇಶಕ್ಕೆ ಕೊಟ್ಟದ್ದು ಅದೇ ಉದ್ದೇಶಕ್ಕೆ ಸಲ್ಲಬೇಕು ಎನ್ನುತ್ತದೆ 1267ನೆಯದು. ವಿಶ್ವಾಸಿಗಳು ಕೊಟ್ಟದ್ದರ ಲೆಕ್ಕವನ್ನು ವಿಶ್ವಾಸಿಗಳಿಗೆ ಒಪ್ಪಿಸಬೇಕು ಎನ್ನುತ್ತದೆ 1287ನೆಯದು. ನಮ್ಮ ಧರ್ಮಕೇಂದ್ರಗಳಲ್ಲಿ ವಾರ್ಷಿಕ ಹಬ್ಬದ ಜಮಾಖರ್ಚನ್ನು ಓದಿ ಹೇಳದಿದ್ದರೆ ಪೊಲೀಸರ ನಿಧಿಯ ಬಗ್ಗೆ ಮಾತನಾಡುವ ಬಾಯಿ ನಮಗಿರುವುದಿಲ್ಲ. ಪವಿತ್ರವಾದ ಹೆಸರು ತನ್ನನ್ನು ತಾನೇ ಕಾಯ್ದುಕೊಳ್ಳುವುದಿಲ್ಲ. ಹೆಸರು ಎಷ್ಟು ದೊಡ್ಡದೋ ಅಷ್ಟು ಬಿಗಿಯಾದ ಲೆಕ್ಕ ಬೇಕು ಎಂಬುದು ಆ ಪುಟದ ಪಾಠ.

ಬಲವಂತನು ಕೊಟ್ಟಾಗ

ಇದುವರೆಗೆ ದುರ್ಬಲನು ಭಯದಿಂದ ಕೊಡುವುದನ್ನು ಕಂಡೆವು. ವೈಟ್‌ಫೀಲ್ಡಿನಲ್ಲಿ ಇದರ ಇನ್ನೊಂದು ಮಗ್ಗುಲೂ ಇದೆ. ಇಲ್ಲಿ ಕೊಡಬಲ್ಲವರು ಚಹಾದಂಗಡಿಯವರಷ್ಟೇ ಅಲ್ಲ, ದೊಡ್ಡ ದೊಡ್ಡ ಕಂಪನಿಗಳಿವೆ. 2013ರ ಕಂಪನಿ ಕಾಯಿದೆಯ 135ನೆಯ ಕಲಮಿನಂತೆ, ನಿಗದಿತ ಗಾತ್ರವನ್ನು ಮೀರಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ನೂರಕ್ಕೆ ಎರಡರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ನಿವೃತ್ತರ ಮತ್ತು ಅವರ ಅವಲಂಬಿತರ ಹಿತವೂ 2020ರಿಂದ ಇದಕ್ಕೆ ಅರ್ಹವಾದ ಕಾರ್ಯಗಳ ಪಟ್ಟಿಯಲ್ಲಿದೆ. ಬೆಂಗಳೂರಿನ ರಸ್ತೆಗಳಲ್ಲಿ ಪೊಲೀಸರು ನಿಲ್ಲಿಸಿದ ಬ್ಯಾರಿಕೇಡುಗಳ ಮೇಲೆ ಖಾಸಗಿ ಸಂಸ್ಥೆಗಳ ಹೆಸರುಗಳನ್ನು ನಾವೆಲ್ಲ ಓದಿದ್ದೇವೆ.

ಬ್ಯಾರಿಕೇಡು ಉಪಯುಕ್ತ ವಸ್ತುವೇ. ಅದನ್ನು ಕೊಟ್ಟವರೆಲ್ಲ ಸ್ವಾರ್ಥಿಗಳೆಂದು ಹೇಳುವುದು ಅವಿವೇಕ. ಆದರೆ ಇಲ್ಲಿ ಭಯದ ಜಾಗವನ್ನು ನಿರೀಕ್ಷೆ ಆಕ್ರಮಿಸಬಹುದು. ನಾಳೆ ಅದೇ ಸಂಸ್ಥೆಯ ವಾಹನದ ಮೇಲೆ ದೂರು ಬಂದಾಗ, ಅದರ ಗೇಟಿನ ಮುಂದೆ ಕಾರ್ಮಿಕರು ಧರಣಿ ಕುಳಿತಾಗ, ಠಾಣೆಯ ಅಧಿಕಾರಿಯ ಕಣ್ಣಿಗೆ ಆ ಹೆಸರು ಬೇರೆ ಹೆಸರುಗಳಂತೆಯೇ ಕಾಣುತ್ತದೆಯೇ? ಉಡುಗೊರೆಯು ಕಣ್ಣುಳ್ಳವರನ್ನೂ ಕುರುಡಾಗಿಸುತ್ತದೆ ಎಂಬ ಅರ್ಥದ ಎಚ್ಚರಿಕೆ ಮೋಶೆಯ ಧರ್ಮಶಾಸ್ತ್ರದಲ್ಲಿಯೇ ಇದೆ. ಲಂಚ ತಿಂದವನು ತಾನು ತಿಂದೆನೆಂದು ಬಲ್ಲ. ಉಡುಗೊರೆಯಿಂದ ಕುರುಡಾದವನು ತನಗೆ ಕಣ್ಣಿದೆಯೆಂದೇ ನಂಬಿರುತ್ತಾನೆ. ಆದುದರಿಂದ ಬಡವನ ಐನೂರಕ್ಕೆ ಎಷ್ಟು ನಿಗಾ ಬೇಕೋ ಶ್ರೀಮಂತನ ಐವತ್ತು ಲಕ್ಷಕ್ಕೂ ಅಷ್ಟೇ ಬೇಕು. ಮೊದಲನೆಯದು ಕಪ್ಪವಾಗದಂತೆ, ಎರಡನೆಯದು ಮುಂಗಡವಾಗದಂತೆ ನೋಡಿಕೊಳ್ಳಬೇಕು.

ನ್ಯಾಯಕ್ಕೆ ಸಲ್ಲಬೇಕಾದದ್ದು

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಪೊಲೀಸರ ಬದುಕೇ ಕಷ್ಟದ್ದು. ಅವರಿಗಾಗಿ ನಾಲ್ಕು ಕಾಸು ಕೂಡಿಸುವಾಗ ಇಷ್ಟೊಂದು ಅನುಮಾನವೇಕೆ ಎಂದು ಯಾರಾದರೂ ಕೇಳಬಹುದು. ಅವರ ಬದುಕು ಕಷ್ಟದ್ದೆಂಬುದು ನಿಜ. 2016ರ ಜೂನ್ 4ರಂದು ಸಾಮೂಹಿಕ ರಜೆ ಹಾಕುವುದಾಗಿ ರಾಜ್ಯದ ಪೊಲೀಸ್ ಸಿಬ್ಬಂದಿ ಕರೆಕೊಟ್ಟಿದ್ದನ್ನು ನಾವು ಮರೆತಿಲ್ಲ. ವೇತನ, ರಜೆ, ಮೇಲಧಿಕಾರಿಗಳ ಕಿರುಕುಳ, ಇವು ಅವರ ದೂರುಗಳಾಗಿದ್ದವು. ಅನಂತರ ಔರಾದ್ಕರ್ ಸಮಿತಿಯ ಶಿಫಾರಸಿನ ಆಧಾರದ ಮೇಲೆ 2019ರಲ್ಲಿ ವೇತನ ಪರಿಷ್ಕರಣೆಯಾಯಿತು.

ಆದರೆ ಈ ಕಷ್ಟಕ್ಕೆ ದಾನವು ಉತ್ತರವೇ? ಕರ್ನಾಟಕ ಪೊಲೀಸ್ ಕಾಯಿದೆ ಜಾರಿಗೆ ಬಂದ ಅದೇ 1965ರಲ್ಲಿ, ನವೆಂಬರ್ ತಿಂಗಳಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯು ಶ್ರೀಸಾಮಾನ್ಯ ವಿಶ್ವಾಸಿಗಳ ಪ್ರೇಷಿತ ಕಾರ್ಯವನ್ನು ಕುರಿತ ತನ್ನ ಆಜ್ಞಾಪತ್ರವನ್ನು ಹೊರಡಿಸಿತು. ನ್ಯಾಯವಾಗಿ ಸಲ್ಲಬೇಕಾದದ್ದನ್ನು ಮೊದಲು ಸಲ್ಲಿಸಬೇಕು, ಅದನ್ನೇ ದಾನವೆಂಬಂತೆ ನೀಡಬಾರದು ಎಂಬುದು ಅದರ ಒಂದು ಬೋಧನೆ. ಪೇದೆಗೆ ಯೋಗ್ಯವಾದ ಮನೆ, ವಾರದ ರಜೆ, ಚಿಕಿತ್ಸೆ, ಕರ್ತವ್ಯದಲ್ಲಿ ಮಡಿದರೆ ಕುಟುಂಬಕ್ಕೆ ಪರಿಹಾರ, ಇವು ರಾಜ್ಯವು ಅವನಿಗೆ ತೀರಿಸಬೇಕಾದ ಋಣ. ಯೊವಾನ್ನರು ಸೈನಿಕರಿಗೆ ವೇತನದಲ್ಲಿ ತೃಪ್ತರಾಗಿರಿ ಎಂದಾಗ, ತೃಪ್ತರಾಗಬಹುದಾದಂಥ ವೇತನವನ್ನು ಕೊಡುವ ಹೊಣೆಯೂ ಒಡೆಯನ ಮೇಲೆ ಬಿತ್ತು. ರಾಜ್ಯವು ಆ ಋಣವನ್ನು ಅರ್ಧ ತೀರಿಸಿ, ಉಳಿದರ್ಧಕ್ಕೆ ರಸೀದಿ ಪುಸ್ತಕವನ್ನು ಪೇದೆಯ ಕೈಗೇ ಕೊಟ್ಟು ಬೀದಿಗೆ ಕಳುಹಿಸಿದರೆ, ಅದು ಪೇದೆಗೂ ಅವಮಾನ, ಅಂಗಡಿಯವನಿಗೂ ಅನ್ಯಾಯ. ದಾನಕ್ಕೆ ತನ್ನದೇ ಜಾಗವಿದೆ. ನ್ಯಾಯವು ಮುಗಿದಲ್ಲಿಂದ ಅದು ಪ್ರಾರಂಭವಾಗಬೇಕು.

ಹೀಗೆ ಪ್ರಾರಂಭವಾದ ದಾನಕ್ಕೆ ಒಂದು ಚೌಕಟ್ಟು ಇರಬಹುದೆಂಬುದಕ್ಕೆ 2017ರ ಏಪ್ರಿಲಿನಲ್ಲಿ ಕೇಂದ್ರ ಗೃಹ ಸಚಿವಾಲಯವು ಆರಂಭಿಸಿದ 'ಭಾರತ್ ಕೆ ವೀರ್' ಯೋಜನೆ ಉದಾಹರಣೆಯಾಗಿದೆ. ಹುತಾತ್ಮರಾದ ಕೇಂದ್ರ ಪಡೆಗಳ ಯೋಧರ ಕುಟುಂಬಕ್ಕೆ ದಾನಿಯು ತನ್ನ ಮನೆಯಿಂದಲೇ, ಯಾರ ಕೈಯನ್ನೂ ದಾಟದೆ, ನೇರವಾಗಿ ಹಣ ಕಳುಹಿಸುವ ವ್ಯವಸ್ಥೆ ಅದು. ಒಂದು ಕುಟುಂಬಕ್ಕೆ 15 ಲಕ್ಷ ರೂಪಾಯಿಯ ಮಿತಿಯನ್ನು ಅದರಲ್ಲಿ ಇಟ್ಟಿದ್ದರು, ಹೆಸರಾದವರ ಮನೆಗೆ ಹೊಳೆ ಹರಿದು ಹೆಸರಾಗದವರ ಮನೆ ಒಣಗಿರಬಾರದೆಂದು. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ 40 ಮಂದಿ ಮಡಿದಾಗ ಕೋಟಿಗಟ್ಟಲೆ ಹಣ ಆ ದಾರಿಯಲ್ಲಿ ಹರಿಯಿತು. ಕೊಡೆಂದು ಯಾರೂ ಮನೆಬಾಗಿಲಿಗೆ ಬಂದಿರಲಿಲ್ಲ.

ಪೌಲರ ಲೆಕ್ಕ

ದತ್ತಿ ಸಂಗ್ರಹದ ಮೇಲ್ವಿಚಾರಣೆಯ ಬಗ್ಗೆ ನಾನು ಓದಿದ ಅತ್ಯುತ್ತಮ ಪಾಠವು ಸಂತ ಪೌಲರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟು ಮತ್ತು ಒಂಬತ್ತನೆಯ ಅಧ್ಯಾಯಗಳಲ್ಲಿದೆ. ಜೆರುಸಲೇಮಿನ ಬಡವರಿಗಾಗಿ ಅವರು ಹಣ ಕೂಡಿಸುತ್ತಿದ್ದರು. ಪ್ರೇಷಿತರಾದ ಅವರಿಗೆ ಆಜ್ಞಾಪಿಸುವ ಅಧಿಕಾರವಿತ್ತು. ಆದರೆ ಇದು ಆಜ್ಞೆಯಲ್ಲವೆಂದು ಅವರೇ ಸ್ಪಷ್ಟಪಡಿಸುತ್ತಾರೆ. ಹಣವನ್ನು ತಾವೊಬ್ಬರೇ ಒಯ್ಯುವುದಿಲ್ಲ. ತೀತನ ಜೊತೆಗೆ ಸಭೆಗಳೇ ಆರಿಸಿದ ಸೋದರನೊಬ್ಬನನ್ನು ಸೇರಿಸುತ್ತಾರೆ, ಇನ್ನೊಬ್ಬನನ್ನೂ ಕಳುಹಿಸುತ್ತಾರೆ. ಏಕೆ? ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಮ್ಮತ್ತ ಬೆರಳು ತೋರಿಸಬಾರದು, ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ನಡತೆ ಸರಿಯಾಗಿರಬೇಕು ಎಂಬುದು ಅವರ ಕಾರಣ. ಕೊನೆಗೆ, ಸಂಗ್ರಹವು ಕೊಡುಗೆಯಾಗಿ ಸಿದ್ಧವಿರಲಿ, ಸುಲಿಗೆಯಾಗಿ ಅಲ್ಲ ಎಂಬರ್ಥದ ಮಾತನ್ನು ಆಡುತ್ತಾರೆ. ಮೂಲ ಗ್ರೀಕಿನಲ್ಲಿ ಅವರು ಬಳಸಿದ ಎರಡು ಪದಗಳಲ್ಲಿ ಮೊದಲನೆಯದಕ್ಕೆ 'ಆಶೀರ್ವಾದ' ಎಂದೂ ಎರಡನೆಯದಕ್ಕೆ 'ದುರಾಸೆ' ಎಂದೂ ಅರ್ಥವಿದೆ. ನಮ್ಮ ಕಾಣಿಕೆ ಮತ್ತು ಕಪ್ಪಗಳ ನಡುವಿನ ಗೆರೆಯೇ ಇದು.

ಪೌಲರ ಈ ಮೂರು ಹೆಜ್ಜೆಗಳು ಪೊಲೀಸರ ನಿಧಿಗೂ ಸಾಕು. ಕೇಳುವಾಗ ಅಧಿಕಾರವು ಹಿಂದೆ ಸರಿಯಬೇಕು: ಸಮವಸ್ತ್ರದಲ್ಲಿ, ಠಾಣೆಯಲ್ಲಿ, ತನ್ನದೇ ಸರಹದ್ದಿನ ವ್ಯಾಪಾರಿಗಳ ಮುಂದೆ ಯಾವ ಅಧಿಕಾರಿಯೂ ಕೈಚಾಚಬಾರದು, ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬ ಪಟ್ಟಿ ಠಾಣೆಯ ಕೈಗೆ ಸಿಗಬಾರದು. ಒಯ್ಯುವಾಗ ಹೊರಗಿನವರು ಜೊತೆಗಿರಬೇಕು: ನಿಧಿಯ ಸಮಿತಿಯಲ್ಲಿ ಇಲಾಖೆಯವರಲ್ಲದ ಲೆಕ್ಕಿಗರು, ನಿವೃತ್ತ ನ್ಯಾಯಾಧೀಶರು, ಮಡಿದ ಪೇದೆಯೊಬ್ಬರ ಪತ್ನಿ ಇರಬೇಕು. ಮುಗಿದ ಮೇಲೆ ಲೆಕ್ಕವು ಬೆಳಕಿಗೆ ಬರಬೇಕು: ಎಷ್ಟು ಬಂತು, ಸಂಗ್ರಹಕ್ಕೆ ಎಷ್ಟು ಖರ್ಚಾಯಿತು, ಯಾವ ಉದ್ದೇಶಕ್ಕೆ ಎಷ್ಟು ಸಂದಿತು ಎಂಬುದನ್ನು ಯಾರೂ ಅರ್ಜಿ ಹಾಕದೆಯೇ ಪ್ರತಿವರ್ಷ ಠಾಣೆಯ ಫಲಕದ ಮೇಲೆ ಬರೆಯಬೇಕು. 'ಪೊಲೀಸ್' ಎಂಬ ಹೆಸರನ್ನು ಬಳಸುವ ಖಾಸಗಿ ಸಂಘಗಳಿಗೂ ಇದೇ ಕಟ್ಟಳೆ ಅನ್ವಯಿಸಬೇಕು, ಇಲ್ಲವಾದರೆ ಆ ಹೆಸರನ್ನು ಬಿಡಬೇಕು.

ಈ ಕಣ್ಗಾವಲನ್ನು ಪೊಲೀಸರಿಗೇ ಒಪ್ಪಿಸಿದರೆ ಸಾಲದೇ? ಸಾಲದು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂಬ ಗಾದೆ ಇರುವುದು ಬೇಲಿಗಳೆಲ್ಲ ಕೆಟ್ಟವೆಂದು ಹೇಳಲಿಕ್ಕಲ್ಲ. ಬೇಲಿಯ ಆಚೆಗೂ ಒಂದು ಕಣ್ಣಿರಬೇಕೆಂದು ಹೇಳಲಿಕ್ಕೆ. ಹಣ ಕೇಳಿದವನ ಮೇಲೆ ದೂರು ಕೊಡಲು ಅಂಗಡಿಯವನು ಅದೇ ಠಾಣೆಯ ಮೆಟ್ಟಿಲನ್ನೇ ಹತ್ತಬೇಕಾದರೆ ಅವನು ಹತ್ತುವುದಿಲ್ಲ. ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಆದೇಶಿಸಿದಂತೆ ಪೊಲೀಸ್ ದೂರು ಪ್ರಾಧಿಕಾರಕ್ಕೆ 2012ರ ತಿದ್ದುಪಡಿಯ ಮೂಲಕ ನಮ್ಮ ರಾಜ್ಯದ ಕಾನೂನಿನಲ್ಲಿಯೂ ಸ್ಥಾನ ದೊರೆತಿದೆ. ಲೋಕಾಯುಕ್ತವೂ ಇದೆ. ಬಾಗಿಲುಗಳು ಇವೆ, ಅವು ಇವೆಯೆಂದು ವೈಟ್‌ಫೀಲ್ಡಿನ ಗುಜರಿ ಅಂಗಡಿಯವನಿಗೆ ತಿಳಿದಿರಬೇಕು.

ಇನ್ನು ಕೊಡುವವರಾದ ನಮ್ಮ ಕರ್ತವ್ಯ. ಹಣ ಕೊಟ್ಟು ಕೈತೊಳೆದುಕೊಂಡರೆ ನಮ್ಮ ಪಾಲಿನ ಧರ್ಮ ಮುಗಿಯಿತೆಂದು ಅನೇಕರು ಭಾವಿಸುತ್ತಾರೆ. ಯಾರಿಗೆ ಸೇರುತ್ತದೆಂದು ಕೇಳುವುದು ಜಿಪುಣತನವೆಂದು ನಾಚುತ್ತಾರೆ. ವಾಸ್ತವವಾಗಿ ಕೇಳದೆ ಕೊಟ್ಟ ಹಣವು ಆ ವಿಧವೆಯನ್ನು ಮರೆತು ಕೊಟ್ಟ ಹಣ. ಈ ನಿಧಿ ಯಾರದು, ಎಲ್ಲಿ ನೋಂದಣಿಯಾಗಿದೆ, ರಸೀದಿ ಯಾರ ಹೆಸರಿನಲ್ಲಿದೆ, ಖಾತೆಗೇ ನೇರವಾಗಿ ಕಳುಹಿಸಬಹುದೇ, ಹೋದ ವರ್ಷದ ಲೆಕ್ಕ ಎಲ್ಲಿ ಸಿಗುತ್ತದೆ ಎಂದು ವಿನಯದಿಂದ ಕೇಳೋಣ. ಪ್ರಾಮಾಣಿಕನಾದ ಸಂಗ್ರಹಕಾರನಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ. ಬೇಸರಪಟ್ಟವನ ಕೈಗೆ ಹಣ ಕೊಡದಿರುವುದೇ ಪೊಲೀಸರಿಗೆ ನಾವು ಸಲ್ಲಿಸುವ ಗೌರವ. ಇಂಥ ಪ್ರಶ್ನೆಯನ್ನು ಒಂಟಿ ಅಂಗಡಿಯವನು ಕೇಳಲಾರ. ಅವನಿಗೆ ಬಿರುಗಾಳಿಯ ಭಯವಿದೆ. ವ್ಯಾಪಾರಿ ಸಂಘಗಳು, ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘಗಳು, ಧರ್ಮಕೇಂದ್ರದ ಮಂಡಳಿಗಳು ಅವನ ಪರವಾಗಿ ಕೇಳಬೇಕು.

ಏಪ್ರಿಲ್ 2 ಮತ್ತೆ ಬರುತ್ತದೆ. ಅಂದು ಯಾರಾದರೂ ಅಂಗಿಗೆ ಪುಟ್ಟ ಧ್ವಜವೊಂದನ್ನು ಚುಚ್ಚಿಕೊಂಡು ಕಂಡರೆ, ಅದನ್ನು ಅವರು ಹೆದರಿ ಕೊಂಡರೋ ಪ್ರೀತಿಯಿಂದ ಕೊಂಡರೋ ನಮಗೆ ತಿಳಿಯದು. ಬೇಡವೆಂದು ಹೇಳಿದರೂ ತನಗೆ ಕೇಡಾಗದು ಎಂಬ ಭರವಸೆ ಕೊಡುವವನಿಗಿದ್ದಾಗ ಮಾತ್ರ ಅವನ 'ಆಗಲಿ' ಎಂಬ ಮಾತಿಗೆ ಬೆಲೆ ಬರುತ್ತದೆ. ಆ ಭರವಸೆಯನ್ನು ಕಟ್ಟಿಕೊಡುವುದು ಕೇಳುವವರ ಹೊಣೆ. ಅದನ್ನು ಹೊತ್ತ ದಿನ ಆ ಪುಟ್ಟ ಧ್ವಜವು ಯಾರಿಗೂ ಕಪ್ಪವಾಗದೆ, ಪೇದೆಯ ಮನೆಗೆ ಜನರು ಒಯ್ದ ಕಾಣಿಕೆಯಾಗುತ್ತದೆ.